ಒಂದು ಬೋರ್ಡ್ ಹಾಕಿಸಿ ಸ್ವಾಮಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ನಿಮ್ಮ ಕ್ಷೇತ್ರದವನೇ, ಘಟ್ಟದ ಅಂಚಿನ ಊರಿನವನು. ಪೇಟೆಯಲ್ಲಿ ನನ್ನದೊಂದು ಟೈರ್ ಅಂಗಡಿ ಇದೆ. ಕಳೆದ ಚುನಾವಣೆ ಪ್ರಚಾರಕ್ಕೆ ಬಂದಾಗ ನಿಮ್ಮ ಗಾಡಿಗೆ ಪಂಕ್ಚರ್ ಹಾಕಿಕೊಟ್ಟು ದುಡ್ಡು ಬೇಡ ಅಂದವನು. "ಏನಾದ್ರೂ ಕೆಲಸ ಇದ್ರೆ ಹೇಳಪ್ಪ" ಅಂದಿದ್ದಿರಿ. ಹೇಳಿದ್ದೇನೆ. ಎರಡು ಸಲ ನಿಮ್ಮ ಕಚೇರಿಯಲ್ಲಿ ಮನವಿ ಕೊಟ್ಟೆ, ಒಂದು ಸಲ ಜನಸ್ಪಂದನ ಸಭೆಯಲ್ಲಿ ನಿಮ್ಮ ಕೈಗೇ ಕೊಟ್ಟೆ. ಸೀಲು ಒತ್ತಿದ ಪ್ರತಿಗಳು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಭದ್ರವಾಗಿವೆ. ಹಾಗಾಗಿ ಈ ಸಲ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಕೆಲಸ ಸಣ್ಣದು. ನಮ್ಮೂರ ಗುಡ್ಡದ ಬುಡದಲ್ಲಿ ಒಂದು ಬೋರ್ಡ್ ಬೇಕು. ಯಾವ ದಾರಿಯಲ್ಲಿ ಗಾಡಿ ಹೋಗಬಹುದು, ಯಾವುದರಲ್ಲಿ ಕೂಡದು, ಟೆಂಟ್ ಎಲ್ಲಿ ಹಾಕಬಹುದು, ಅನುಮತಿಗೆ ಯಾರ ಬಾಗಿಲಿಗೆ ಹೋಗಬೇಕು, ಇಷ್ಟು ಬರೆದಿರಬೇಕು. ಕನ್ನಡದಲ್ಲಿ.

ನಾವು ನಾಲ್ಕು ಜನ ಗೆಳೆಯರು. ಒಬ್ಬ ಹೈಸ್ಕೂಲ್ ಮೇಷ್ಟ್ರು, ಒಬ್ಬ ಮೂರು ಎಕರೆ ಕಾಫಿಯವನು, ಒಬ್ಬ ವೈರಿಂಗ್ ಕೆಲಸದವನು, ನಾನು. ಎರಡು ಎಕ್ಸ್‌ಪಲ್ಸ್ ಬೈಕು, ಒಂದು ಹಿಮಾಲಯನ್, ಜೊತೆಗೆ ಮೇಷ್ಟ್ರ ಮಾವನ ಕಾಲದ ಎಂಎಂ 540 ಜೀಪು. ಜೀಪು ತಳ್ಳಿದರೆ ಮಾತ್ರ ಸ್ಟಾರ್ಟ್ ಆಗುತ್ತದೆ, ಆದರೆ ಫೋರ್‌ವೀಲ್ ಹಾಕಿದರೆ ಎಂಥ ಕೆಸರಿನಿಂದಲೂ ಎದ್ದು ಬರುತ್ತದೆ. ಶನಿವಾರ ಸಂಜೆ ಶಟರ್ ಎಳೆದರೆ ನಮ್ಮ ವಾರ ಮುಗಿದ ಹಾಗೆ. ಅಕ್ಕಿ ಕಡುಬು, ಕೋಳಿ ಸಾರು, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಕ್ಕೆ ಹಚ್ಚಲು ಹೊಗೆಸೊಪ್ಪಿನ ನೀರು, ಎರಡು ಟೆಂಟು. ಭಾನುವಾರ ಬೆಳಕು ಹರಿಯುವ ಮೊದಲೇ ಎದ್ದು ಹಳ್ಳದ ಗುಂಟ ನಡೆಯುವುದು. ಬಂಡೆಯ ಮೇಲೆ ಏಡಿಚಿಪ್ಪು ತುಂಬಿದ ಹಿಕ್ಕೆ ಕಂಡರೆ ನೀರುನಾಯಿ ಓಡಾಡಿದೆ ಅಂತ ಲೆಕ್ಕ. ಅತ್ತಿ ಹಣ್ಣಾದ ಮರ ಸಿಕ್ಕರೆ ಅಲ್ಲೇ ಕೂತರಾಯಿತು, ಮಂಗಟ್ಟೆ ಬಂದೇ ಬರುತ್ತದೆ. ರೆಕ್ಕೆಯ ಸದ್ದು ಮೊದಲು ಬರುತ್ತದೆ, ಹಕ್ಕಿ ಆಮೇಲೆ. ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಹಕ್ಕಿಗಳ ಹೆಸರು ನೂರೈವತ್ತು ದಾಟಿದೆ. ಆನೆ ಹೆಜ್ಜೆ ಹೊಸದಾಗಿ ಕಂಡರೆ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇವೆ, ಬೆಳಗ್ಗೆ ತೋಟಕ್ಕೆ ಹೋಗುವ ಹೆಂಗಸರಿಗೆ ತಿಳಿಯಲಿ ಅಂತ.

ಇನ್ನು ಕಳೆದ ಡಿಸೆಂಬರಿನ ಎರಡನೇ ಶನಿವಾರದ ವಿಚಾರ. ಇದನ್ನು ಪೂರ್ತಿ ಓದಿ.

ಅವತ್ತು ನಾವಿದ್ದದ್ದು ಕಾಫಿ ಗೆಳೆಯನ ಅಪ್ಪನ ಹುಲ್ಲುಬ್ಯಾಣದಲ್ಲಿ. ಪಹಣಿಯಲ್ಲಿ ಅವರ ಹೆಸರೇ ಇದೆ, ಕಂದಾಯ ಕಟ್ಟಿದ ರಸೀದಿಯೂ ಇದೆ. ಬೇಲಿಯಿಂದಾಚೆ ಮೀಸಲು ಅರಣ್ಯ. ಆಚೆಗೆ ನಾವು ಕಾಲಿಟ್ಟಿರಲಿಲ್ಲ. ಬೆಂಕಿ ಹಾಕಿರಲಿಲ್ಲ, ಸಾರು ಬಿಸಿ ಮಾಡಿದ್ದು ಸಣ್ಣ ಗ್ಯಾಸ್ ಒಲೆಯಲ್ಲಿ. ಕಪ್ಪೆಬಾಯಿ ಹಕ್ಕಿಯ ಕೂಗು ಕೇಳಿಸುತ್ತದೇನೋ ಅಂತ ಕಿವಿ ಕೊಟ್ಟು ಕೂತಿದ್ದೆವು. ಹಗಲೆಲ್ಲ ಒಣಗಿದ ಎಲೆಯ ಹಾಗೆ ಕೊಂಬೆಗೆ ಅಂಟಿಕೊಂಡಿರುವ ಹಕ್ಕಿ ಅದು, ಇದ್ದಲ್ಲೇ ಇದ್ದರೂ ಕಾಣುವುದಿಲ್ಲ. ರಾತ್ರಿ ಒಂಬತ್ತೂವರೆಗೆ ಅರಣ್ಯ ಇಲಾಖೆಯ ನಾಲ್ಕು ಜನ ಸಿಬ್ಬಂದಿ ಟಾರ್ಚ್ ಬಿಟ್ಟುಕೊಂಡು ಬಂದರು. ಏನ್ ಮಾಡ್ತಿದ್ದೀರಿ ಅಂದರು. ಮೇಷ್ಟ್ರು ಬಾಯಿ ತಪ್ಪಿ ನಿಜ ಹೇಳಿಬಿಟ್ಟರು: "ಕಪ್ಪೆಬಾಯಿ ಸಾರ್."

"ಕಪ್ಪೆ ಹಿಡಿಯಕ್ಕೆ ಬಂದ್ರಾ?"

ನಗು ಬಂದದ್ದು ಅಲ್ಲಿಗೇ ಮುಗಿಯಿತು. ಬೈಕಿನ ಕೀ ಕಿತ್ತುಕೊಂಡರು. ಪಹಣಿ ಮೊಬೈಲಿನಲ್ಲಿ ತೋರಿಸಿದರೆ "ಇದು ಸೆಕ್ಷನ್ 4 ಜಾಗ" ಅಂದರು, ಅಂದರೆ ಮೀಸಲು ಅರಣ್ಯ ಮಾಡುತ್ತೇವೆ ಅಂತ ಸರ್ಕಾರ ಅಧಿಸೂಚನೆ ಹೊರಡಿಸಿದ ಜಾಗ. ಇನ್ನೊಬ್ಬರು "ಅಲ್ಲ, ಡೀಮ್ಡ್" ಅಂದರು, ಅಂದರೆ ಅಧಿಸೂಚನೆ ಇಲ್ಲದಿದ್ದರೂ ಕಾಡು ಅಂತಲೇ ಪರಿಗಣಿಸುವ ಜಾಗ. ಅವರವರಲ್ಲೇ ತೀರ್ಮಾನ ಆಗಲಿಲ್ಲ, ನಾವು ಮಾತ್ರ ಜೀಪು ಹತ್ತಬೇಕಾಯಿತು. ಮಹಜರಿನಲ್ಲಿ ಮೇಷ್ಟ್ರ ಬೈನಾಕ್ಯುಲರ್, ನನ್ನ ತಲೆಟಾರ್ಚು, ಈರುಳ್ಳಿ ಹೆಚ್ಚುವ ಚಾಕು ಮೂರನ್ನೂ ಒಟ್ಟಿಗೆ ಬರೆದು ಮೇಲೆ "ಬೇಟೆಗೆ ಬಳಸುವ ಸಾಮಗ್ರಿ" ಅಂತ ತಲೆಬರಹ ಕೊಟ್ಟರು. ಇಪ್ಪತ್ತೆರಡು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ಮನುಷ್ಯ ಆ ಹಾಳೆಗೆ ರುಜು ಹಾಕುವಾಗ ಕೈ ನಡುಗಿದ್ದನ್ನು ನಾನು ನೋಡಿದ್ದೇನೆ.

ಇಷ್ಟಾದರೂ ಸಹಿಸಬಹುದಿತ್ತು. ನಮ್ಮನ್ನು ಕೂರಿಸಿಕೊಂಡು ಇಳಿಯುತ್ತಿದ್ದ ಇಲಾಖೆಯ ಜೀಪು ಅರ್ಧ ದಾರಿಯಲ್ಲಿ ಪಕ್ಕಕ್ಕೆ ಸರಿದು ನಿಂತಿತು. ಯಾಕೆ ಗೊತ್ತೇ? ಎದುರಿನಿಂದ ಹನ್ನೊಂದು ಬಿಳಿ ಬೋರ್ಡಿನ ಬಾಡಿಗೆ ಜೀಪುಗಳು ಲೈಟ್‌ಬಾರ್ ಉರಿಸಿಕೊಂಡು, ಡಿಜೆ ಹಾಕಿಕೊಂಡು ಗುಡ್ಡದ ನೆತ್ತಿಗೆ ಹೋಗುತ್ತಿದ್ದವು. ದಾರಿ ಬಿಟ್ಟುಕೊಡಬೇಕಲ್ಲ! ಹನ್ನೊಂದನ್ನೂ ಎಣಿಸಿದೆ. ಕೊನೆಯ ಜೀಪಿನಿಂದ ಒಬ್ಬ ನಮ್ಮ ಕಡೆ ಕೈಯನ್ನೂ ಬೀಸಿದ.

ಭಾನುವಾರ ಮಧ್ಯಾಹ್ನ ಮೂರರವರೆಗೆ ಕೂರಿಸಿ 8,000 ರೂಪಾಯಿ ಕಟ್ಟಿಸಿಕೊಂಡರು. ರಸೀದಿ ಬಂದದ್ದು 2,000ಕ್ಕೆ. ಉಳಿದದ್ದು ಕಾಡಿನ ಅಭಿವೃದ್ಧಿಗೆ ಹೋಗಿರಬೇಕು, ನಾನು ಕೇಳಲಿಲ್ಲ. ಸೋಮವಾರ ನನ್ನ ಹೆಂಡತಿ ಕೇಳಿದ ಒಂದೇ ಮಾತು: "ನಿಮ್ಮನ್ನ ಕಳ್ಳಬೇಟೆಗೆ ಹಿಡಿದ್ರಂತೆ, ಹೌದಾ?" ಅಂಗಡಿಗೆ ಬರುವ ಗಿರಾಕಿಗಳು ಇವತ್ತಿಗೂ "ಏನ್ ಸಾಹುಕಾರ್ರೆ, ಕಾಡುಹಂದಿ ಎಷ್ಟು ಕೆಜಿ?" ಅಂತ ತಮಾಷೆ ಮಾಡುತ್ತಾರೆ.

ಕಾನೂನು ನಿಮಗೆ ಗೊತ್ತಿದೆ, ನಾನು ಓದಿ ಹೇಳಬೇಕಿಲ್ಲ. ವನ್ಯಜೀವಿ ಕಾಯ್ದೆ 1972ರ 27ನೇ ಕಲಂ ಅಭಯಾರಣ್ಯದೊಳಗೆ ಹೋಗುವುದಕ್ಕೆ ಸಂಬಂಧಿಸಿದ್ದು. ನಮ್ಮ ಗುಡ್ಡ ಅಭಯಾರಣ್ಯವಲ್ಲ. ಕರ್ನಾಟಕ ಅರಣ್ಯ ಕಾಯ್ದೆ 1963ರ 24ನೇ ಕಲಂ ಮೀಸಲು ಅರಣ್ಯದ್ದು. ನಾವು ಬೇಲಿಯ ಈಚೆ ಇದ್ದೆವು. ಬಾಡಿಗೆಗೆ ಜನ ಸಾಗಿಸುವ ಗಾಡಿಗೆ ಪರ್ಮಿಟ್ ಬೇಕು ಅಂತ ಮೋಟಾರು ವಾಹನ ಕಾಯ್ದೆ 1988 ಹೇಳುತ್ತದೆ; ಬಿಳಿ ಬೋರ್ಡ್ ಇರುವುದು ಸ್ವಂತ ಬಳಕೆಯ ಗಾಡಿಗೆ. ಈ ಮೂರೂ ನಿಮಗೆ ಗೊತ್ತಿದ್ದೂ ಗುಡ್ಡದ ಬುಡದಲ್ಲಿ ಒಂದು ತಗಡಿನ ಬೋರ್ಡ್ ಇಲ್ಲ. ಗುಡ್ಡದ ಒಂದು ಮೈ ಕಂದಾಯ, ಒಂದು ಮೈ ಮೀಸಲು, ಒಂದು ಮೈ ಸೆಕ್ಷನ್ 4, ನಡುವೆ ರೈತರು ಸೊಪ್ಪು ತರುವ ಸೊಪ್ಪಿನಬೆಟ್ಟ. ಹುಲ್ಲಿನ ಮೇಲೆ ಗೆರೆ ಎಳೆದಿರುತ್ತಾರೆಯೇ ಸ್ವಾಮಿ, ನೋಡಿ ತಿಳಿಯಲು?

ನಾವೂ ಸಾಚಾಗಳಲ್ಲ, ಒಪ್ಪುತ್ತೇನೆ. ಹನ್ನೆರಡು ವರ್ಷದ ಹಿಂದೆ ಇದೇ ಗುಡ್ಡದ ಹುಲ್ಲಿನ ಮೇಲೆ ಮಳೆಗಾಲದಲ್ಲಿ ಬೈಕ್ ಹತ್ತಿಸಿದ್ದೆವು, ಜಾರಿ ಬಿದ್ದು ಕೇಕೆ ಹಾಕಿದ್ದೆವು. ಮುಂದಿನ ವರ್ಷ ಹೋಗಿ ನೋಡಿದರೆ ನಮ್ಮ ಚಕ್ರದ ಗೆರೆಯಲ್ಲೇ ನೀರು ಹರಿದು ಮೊಣಕಾಲುದ್ದದ ಕೊರಕಲಾಗಿತ್ತು. ಗುಡ್ಡದ ಹುಲ್ಲಿನ ಬೇರು ಚಾಪೆಯ ಹಾಗೆ ಹೆಣೆದುಕೊಂಡಿರುತ್ತದೆ. ಮಳೆಯಲ್ಲಿ ಒಮ್ಮೆ ಹರಿದರೆ ಮಣ್ಣು ನಿಲ್ಲುವುದಿಲ್ಲ. ಆ ಮಣ್ಣು ಕೆಳಗಿನ ಒರತೆಗೆ, ಒರತೆಯಿಂದ ಗದ್ದೆಗೆ. ನತ್ತಿಂಗ ಹಕ್ಕಿ ಗೂಡೇ ಕಟ್ಟುವುದಿಲ್ಲ, ಬರಿ ನೆಲದ ಮೇಲೆ ಮೊಟ್ಟೆ ಇಡುತ್ತದೆ, ಚಕ್ರ ಹತ್ತಿದರೆ ಅದೂ ಹೋಯಿತು. ಟೈರ್ ಮಾರುವವನು ನಾನು, ದಪ್ಪ ದಪ್ಪ ಹಲ್ಲಿರುವ ಆಫ್‌ರೋಡ್ ಟೈರು ನೆಲಕ್ಕೆ ಏನು ಮಾಡುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿಂದ ನಾವು ಹಳೆಯ ಎಸ್ಟೇಟ್ ರಸ್ತೆ, ಕಲ್ಲು ಹಾಸಿದ ಗಾಡಿದಾರಿ ಬಿಟ್ಟು ಚಕ್ರ ಇಳಿಸಿಲ್ಲ. ನಮ್ಮ ಒಂದು ದಿನದ ಮೂರು ಬೈಕಿಗೇ ಅಷ್ಟು ಕೊರಕಲು ಬಿದ್ದಿತ್ತು. ಪ್ರತಿ ವಾರ ಹತ್ತುವ ಹನ್ನೊಂದು ಜೀಪಿನ ಲೆಕ್ಕ ನೀವೇ ಹಾಕಿಕೊಳ್ಳಿ. ಒಂದು ಬೋರ್ಡ್ ಹಾಕಿಸಿ.

ಅರಣ್ಯ ಸಿಬ್ಬಂದಿಯ ಮೇಲೆ ನಮಗೆ ಹಗೆಯಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರಿನ ಕಾಡಿನಲ್ಲಿ ದಸರಾ ಆನೆ ಅರ್ಜುನ ಕಾಡಾನೆಯ ಜೊತೆ ಸೆಣಸಿ ಸತ್ತಾಗ ಅತ್ತವರಲ್ಲಿ ನಾವೂ ಇದ್ದೆವು. ದಿನಗೂಲಿ ವಾಚರ್‌ಗಳು ಎಂಥ ಚಪ್ಪಲಿ ಹಾಕಿಕೊಂಡು ಆನೆಯ ಹಿಂದೆ ನಡೆಯುತ್ತಾರೆ ಅಂತ ಬಲ್ಲೆವು. ಅವರ ಕೈಯಲ್ಲೂ ಲಿಖಿತವಾಗಿ ಏನೂ ಇಲ್ಲ, ನಮ್ಮ ಕೈಯಲ್ಲೂ ಇಲ್ಲ. ಶನಿವಾರಕ್ಕೊಂದು, ಗಾರ್ಡಿಗೊಂದು ಕಾನೂನು.

2024ರ ಜನವರಿಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಜನ ಜಾತ್ರೆಯಂತೆ ಸೇರಿದ ವಿಡಿಯೊ ನೋಡಿ ಸರ್ಕಾರ ಎಚ್ಚೆತ್ತಿತು. ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕಿಷ್ಟೇ ಜನ ಅಂತ ಮಿತಿ ಬಂತು. ಒಳ್ಳೆಯದೇ. ಆದರೆ ನಮ್ಮ ಗುಡ್ಡದ ಗಾಡಿಗೂ ಟೆಂಟಿಗೂ ಅದರಲ್ಲಿ ಉತ್ತರ ಸಿಗಲಿಲ್ಲ. ಪಕ್ಕದ ತಮಿಳುನಾಡಿನಲ್ಲಿ 2018ರ ಮಾರ್ಚ್ 11ರಂದು ಕುರಂಗಣಿಯ ಕಾಳ್ಗಿಚ್ಚಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತ ಮೇಲೆ ಅಲ್ಲಿ ನಿಯಮ ಬರೆದರು. 2024ರಲ್ಲಿ 40 ದಾರಿಗಳನ್ನು ಗುರುತಿಸಿ ಚಾರಣಕ್ಕೆ ತೆರೆದರು. ನಮಗೆ ನಲವತ್ತು ಬೇಡ. ತಾಲ್ಲೂಕಿಗೆ ಒಂದು ದಾರಿ, ಟೆಂಟಿಗೆ ಒಂದು ಜಾಗ. ಅದೂ ಆಗದಿದ್ದರೆ "ಯಾರೂ ಹೋಗಕೂಡದು" ಅಂತಲೇ ಬರೆಸಿ, ನಾವು ಹೋಗುವುದಿಲ್ಲ. ಆದರೆ ಆ "ಯಾರೂ" ಅನ್ನುವುದರಲ್ಲಿ ಹನ್ನೊಂದು ಜೀಪೂ ಸೇರಿರಬೇಕು.

ಬೋರ್ಡಿನ ಖರ್ಚಿಗೆ ಅನುದಾನ ಇಲ್ಲ ಅನ್ನುತ್ತೀರೇನೋ. ತಗಡು ನನ್ನ ಅಂಗಡಿಯದು, ಕಂಬ ಕಾಫಿ ಗೆಳೆಯನ ತೋಟದ್ದು. ಪೇಟೆಯ ಪೇಂಟರ್‌ಗೆ ಮುಂಗಡ 500 ರೂಪಾಯಿ ಕೊಟ್ಟಾಗಿದೆ. ಅವನು ದಿನಾ ಅಂಗಡಿ ಮುಂದೆ ನಿಂತು "ಏನ್ ಬರೀಬೇಕಣ್ಣ?" ಅಂತ ಕೇಳುತ್ತಿದ್ದಾನೆ. ಅದನ್ನು ನೀವು ಹೇಳಬೇಕು.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ

ವಿ.ಸೂ.: ಮೇಷ್ಟ್ರ ಬೈನಾಕ್ಯುಲರ್ ಇನ್ನೂ ಬೇಟೆ ಸಾಮಗ್ರಿಯಾಗಿ ಅರಣ್ಯ ಇಲಾಖೆಯ ಬೀರುವಿನಲ್ಲೇ ಇದೆ. ಚಳಿಗಾಲಕ್ಕೆ ಬಂದ ಹಕ್ಕಿಗಳು ಏಪ್ರಿಲ್ ಹೊತ್ತಿಗೆ ಹೊರಟುಹೋಗುತ್ತವೆ. ಬೋರ್ಡ್ ತಡವಾದರೂ ಅದನ್ನಾದರೂ ಬೇಗ ಬಿಡಿಸಿಕೊಡಿ.