ನೋವಿನ ಮಾತ್ರೆಗೆ ಮೊದಲು ಮನೆಯವರ ವಿವರ ಹೇಳಿ
ಡೊಂಬಿವಲಿ ಬಳಗದ ಎಲ್ಲರಿಗೂ ನಮಸ್ಕಾರ. ಆಪರೇಷನ್ ಆದ ಮೇಲೆ ನೋವಿಗೆ ಟ್ರಮಡಾಲ್ ಬರೆದುಕೊಡುವುದುಂಟು. ಇದು ಓಪಿಯಾಯ್ಡ್, ಅಂದರೆ ಅಫೀಮಿನಂತೆ ಕೆಲಸ ಮಾಡುವ, ಚಟ ಹಿಡಿಸಬಲ್ಲ ನೋವಿನ ಮದ್ದು. ಹೆತ್ತವರು, ಒಡಹುಟ್ಟಿದವರಲ್ಲಿ ಯಾರಿಗಾದರೂ ಕುಡಿತದ ಅಥವಾ ಮಾದಕವಸ್ತುವಿನ ಚಟವಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಓಪಿಯಾಯ್ಡ್ ಚಟದ ಅಪಾಯದಲ್ಲಿ ಸುಮಾರು ಅರ್ಧ ಪಾಲು ಅನುವಂಶೀಯ. ಅದೂ ಒಂದು ಜೀನ್‌ನಿಂದಲ್ಲ, ಎಷ್ಟೋ ಸಣ್ಣ ವ್ಯತ್ಯಾಸಗಳು ಕೂಡಿ. ಹಾಗಾಗಿ ‘ಚಟದ ಜೀನ್ ಟೆಸ್ಟ್’ಗೆ ದುಡ್ಡು ಸುರಿಯಬೇಡಿ.

ಕೆಲವು ಮದ್ದುಗಳನ್ನು ದೇಹ ಎಷ್ಟು ಬೇಗ ಮಾರ್ಪಡಿಸುತ್ತದೆ ಎಂಬುದಕ್ಕೆ ಕಾರಣವಾದ ಸಿವೈಪಿ2ಡಿ6 ಜೀನ್‌ನ ಮಾತು ಬೇರೆ. ಕೆಲವರಲ್ಲಿ ಅದು ಅತಿ ಚುರುಕು; ಕೊಡೀನ್ ಎಂಬ ಓಪಿಯಾಯ್ಡ್ ಬೇಗನೆ ಇನ್ನೂ ಪ್ರಬಲವಾದ ಮಾರ್ಫಿನ್ ಆಗಿ ಉಸಿರಾಟವೇ ಕುಗ್ಗಬಹುದು. 12 ವರ್ಷದೊಳಗಿನ ಮಕ್ಕಳಿಗೆ ಕೊಡೀನ್ ಇರುವ ಕೆಮ್ಮಿನ ಸಿರಪ್ ಬೇಡವೇ ಬೇಡ. ವಾರಗಟ್ಟಲೆ ಇಂಥ ಓಪಿಯಾಯ್ಡ್ ಮಾತ್ರೆ ನುಂಗಿದವರು ತಟ್ಟನೆ ನಿಲ್ಲಿಸಬೇಡಿ, ಮೈಕೈ ನೋವು, ಭೇದಿ, ನಿದ್ದೆಗೇಡು ಶುರುವಾಗುತ್ತದೆ. ವೈದ್ಯರನ್ನು ಕೇಳಿ ಡೋಸ್ ಇಳಿಸಿ. ಸಹಾಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್: 14416.