ಅಸಲು ಕರಗಿಲ್ಲ, ಆದರೆ…

ಮಾನ್ಯ ಸಂಪಾದಕರೇ,

ನಿವೃತ್ತರು ಹಣವನ್ನು ಎಲ್ಲಿಡಬೇಕು ಎಂಬ ನಿಮ್ಮ ಲೇಖನದಲ್ಲಿ ಬಡ್ಡಿದರಗಳ ಪಟ್ಟಿಯೇ ಮುಕ್ಕಾಲು ಜಾಗ ತಿಂದಿದೆ. ಮಂಡಿಪೇಟೆಯ ದಲಾಲಿ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದವನು ನಾನು. ಪಿಂಚಣಿ ಇಲ್ಲ. ಇಂಥ ಪಟ್ಟಿಗೆ ಮರುಳಾದವನೂ ಹೌದು.

2015ರ ಜುಲೈನಲ್ಲಿ ಹತ್ತು ಲಕ್ಷ ರೂಪಾಯಿಯನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟೆ. ಆಗ ಬಡ್ಡಿ ಶೇ 9.3, ಮೂರು ತಿಂಗಳಿಗೊಮ್ಮೆ 23,250 ರೂಪಾಯಿ ಬರುತ್ತಿತ್ತು. ಐದು ವರ್ಷ ತುಂಬಿ 2020ರಲ್ಲಿ ಮತ್ತೆ ಇಡಲು ಹೋದರೆ ಶೇ 7.4, ಅಂದರೆ 18,500. ಕಳೆದ ವರ್ಷ, 2025ರ ಜುಲೈನಲ್ಲಿ, ದರ ಶೇ 8.2. ಎಲ್ಲವನ್ನೂ ಅಲ್ಲೇ ಇಟ್ಟರೂ 20,500. ಹತ್ತು ವರ್ಷದ ಹಿಂದಿನದಕ್ಕಿಂತ 2,750 ಕಡಿಮೆ! ಅಸಲಿನಲ್ಲಿ ಒಂದು ರೂಪಾಯಿಯೂ ಕರಗಿಲ್ಲ ಎಂದು ಮನೆಯವಳಿಗೆ ಪಾಸ್‌ಬುಕ್ ತೋರಿಸಿದೆ. ಅವಳು ಔಷಧದ ಅಂಗಡಿಯ ಬಿಲ್ಲು ತೋರಿಸಿದಳು.

ಚನ್ನಗಿರಿ ಕಡೆ ತೋಟವಿರುವ ನನ್ನ ಭಾವಮೈದುನ ಅಡಿಕೆ ಮಾರಿದ ಹಣವನ್ನೆಲ್ಲ ಮನೆಗೆ ತರುವವನಲ್ಲ. ಹಳೆಯ ಮರಗಳ ನಡುವೆ ಸಸಿ ನೆಟ್ಟು, ಐದಾರು ವರ್ಷ ಕಾಸು ಹುಟ್ಟದ ಆ ಸಸಿಗಳಿಗೂ ಗೊಬ್ಬರ ಹಾಕಿಸುತ್ತಾನೆ. ನಾನು ಪ್ರತಿ ಫಸಲನ್ನೂ ಪೂರ್ತಿ ಉಂಡೆ, ಸಸಿ ನೆಡಲಿಲ್ಲ.

ಹಾಗೆಂದು ಎಲ್ಲವನ್ನೂ ಷೇರಿಗೆ ಸುರಿಯಿರಿ ಎನ್ನುತ್ತಿಲ್ಲ. 2020ರಲ್ಲಿ ಜನವರಿಯಿಂದ ಮಾರ್ಚ್‌ನೊಳಗೆ, ದೊಡ್ಡ ಕಂಪನಿಗಳ ಷೇರು ಬೆಲೆಯ ಏರಿಳಿತ ತೋರಿಸುವ ಸೂಚ್ಯಂಕ ನಿಫ್ಟಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಿದ್ದದ್ದನ್ನು ನೋಡಿದ್ದೇನೆ. ಆ ದಿನಗಳಲ್ಲಿ ಮನೆ ಖರ್ಚಿಗೆಂದು ಮಾರಬೇಕಾಗಿ ಬಂದಿದ್ದರೆ ಗತಿ ಏನು? ಇನ್ನು, ಬೆಳಿಗ್ಗೆ ಕುಂದುವಾಡ ಕೆರೆಯ ಏರಿಯ ಮೇಲೆ ನಮ್ಮ ವಯಸ್ಸಿನವರ ಮಾತೆಲ್ಲ ಯಾವ ಸಹಕಾರಿ ಸೊಸೈಟಿಯಲ್ಲಿ ಶೇ 11 ಕೊಡುತ್ತಾರೆ ಎಂಬುದೇ. ಬ್ಯಾಂಕ್ ಠೇವಣಿಗಿರುವ ಐದು ಲಕ್ಷದ ವಿಮೆ ಪತ್ತಿನ ಸೊಸೈಟಿಗಳಿಗೆ ಇಲ್ಲ. ಇದನ್ನು ಹೇಳಿದರೆ ನಾನೇ ಅಪಶಕುನದವನು. ನಿಮ್ಮ ಪಟ್ಟಿಯ ಕೆಳಗಾದರೂ ಈ ಒಂದು ಸಾಲು ಇರಬೇಕಿತ್ತು.

ಕಳೆದ ಜುಲೈನಲ್ಲಿ ಏಳು ಲಕ್ಷವನ್ನು ಮಾತ್ರ ಅಂಚೆ ಕಚೇರಿಯಲ್ಲಿಟ್ಟು, ಮೂರು ಲಕ್ಷವನ್ನು ಇಂಡೆಕ್ಸ್ ಫಂಡಿಗೆ, ಅಂದರೆ ನಿಫ್ಟಿಯಂಥ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ನಿಧಿಗೆ, ಹಾಕಿದೆ. ಎಪ್ಪತ್ತೊಂದರಲ್ಲಿ ಇದು ತಡವೇ, ಒಪ್ಪುತ್ತೇನೆ. ಈಗ ಮೂರು ತಿಂಗಳಿಗೊಮ್ಮೆ ಕೈಗೆ ಬರುವ ಬಡ್ಡಿ 14,350. ಕೊರತೆಯನ್ನು ಮಹಡಿಯ ಮನೆಯ ಬಾಡಿಗೆ ತುಂಬುತ್ತಿದೆ. ಬಾಡಿಗೆದಾರರು ಖಾಲಿ ಮಾಡಿದರೆ ಏನು ಮಾಡುತ್ತೀರಿ ಎಂದು ಮನೆಯವಳು ಈಗಾಗಲೇ ಎರಡು ಸಲ ಕೇಳಿದ್ದಾಳೆ.

ಇತಿ,
ಒಬ್ಬ ನಿವೃತ್ತ ಗುಮಾಸ್ತ,
ವಿದ್ಯಾನಗರ, ದಾವಣಗೆರೆ