ಕೊನೇ ವರ್ಷದ ಪ್ರಾಜೆಕ್ಟಿಗೆ ಮುಂಚೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕೊನೇ ವರ್ಷದ ಪ್ರಾಜೆಕ್ಟಿಗೆ ಯಾರನ್ನು ಗೈಡ್ ಮಾಡಿಕೊಳ್ಳಲಿ ಅಂತ ಮೊನ್ನೆ ನೀನು ಫೋನಿನಲ್ಲಿ ಕೇಳಿದೆ. ಆಗ ನಾನು ಅವಸರದಲ್ಲಿ ಏನೋ ಹೇಳಿದೆ. ಆಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. 20 ವರ್ಷ ಇಂಥ ಪ್ರಾಜೆಕ್ಟುಗಳಿಗೆ ಗೈಡ್ ಆಗಿದ್ದವಳು ನಾನು, ನಿನಗೆ ಅಷ್ಟೇ ಹೇಳಿ ಸುಮ್ಮನಿರುವುದು ಸರಿಯಲ್ಲ ಅನ್ನಿಸಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಗೈಡ್ ಆರಿಸುವಾಗ ದೊಡ್ಡ ಹೆಸರು ನೋಡಬೇಡ. ನಿನಗೆ ಸಮಯ ಕೊಡುತ್ತಾರಾ, ಅದನ್ನು ನೋಡು. ಹೋದ ವರ್ಷ ಅವರ ಕೈಕೆಳಗೆ ಮಾಡಿದ ಸೀನಿಯರುಗಳನ್ನು ಕೇಳು. ಡ್ರಾಫ್ಟ್ ಕೊಟ್ಟರೆ ಎಷ್ಟು ದಿನಕ್ಕೆ ತಿದ್ದಿ ಕೊಟ್ಟರು? ಈ ಸಲ ಅವರ ಹತ್ತಿರ ಎಷ್ಟು ತಂಡಗಳಿವೆ? ನಡುವೆ ದೀರ್ಘ ರಜೆ ಹಾಕುವವರಿದ್ದಾರಾ? ಇದನ್ನೆಲ್ಲ ಕೇಳುವುದು ತಪ್ಪಲ್ಲ. ಮತ್ತೆ ಮೊದಲ ಸಲ ಭೇಟಿಯಾದಾಗ "ಏನಾದ್ರೂ ಟಾಪಿಕ್ ಕೊಡಿ ಮೇಡಂ" ಅನ್ನಬೇಡ. ನಿನ್ನದೇ ಮೂರು ಪ್ರಶ್ನೆ ಬರೆದುಕೊಂಡು ಹೋಗು. ಮೂರನ್ನೂ ಅವರು ಬೇಡ ಅಂದರೂ ಪರವಾಗಿಲ್ಲ. ಯಾಕೆ ಬೇಡ ಅಂದರು ಅನ್ನುವುದರಲ್ಲೇ ಅರ್ಧ ಪಾಠ ಇರುತ್ತದೆ.

"ಮೊಬೈಲ್ ಮತ್ತು ವಿದ್ಯಾರ್ಥಿಗಳ ಆರೋಗ್ಯ" ಅಂದೆಯಲ್ಲ, ಅದು ತುಂಬಾ ದೊಡ್ಡದು ಕಣೇ. ಹಾಸಿಗೆ ಇದ್ದಷ್ಟು ಕಾಲು ಚಾಚು. ನಿನಗಿರುವುದು ಒಂದು ವರ್ಷ, ಅದರಲ್ಲೂ ಪರೀಕ್ಷೆ, ಕೆಲಸದ ಇಂಟರ್‌ವ್ಯೂ ಎಲ್ಲ ಇರುತ್ತವೆ. "ಹಾಸ್ಟೆಲಿನ ಮೊದಲ ವರ್ಷದವರು ಮಲಗುವ ಮುಂಚೆ ಒಂದು ಗಂಟೆ ಫೋನ್ ಬಿಟ್ಟರೆ, ನಿದ್ದೆ ಬರುವ ಹೊತ್ತು ಬದಲಾಗುತ್ತದಾ?" ಹೀಗೆ ಕೇಳಿದರೆ ಅಳೆಯಬಹುದು. ಆದರೆ ಜನರಿಂದ ಮಾಹಿತಿ ಪಡೆಯುವ ಕೆಲಸಕ್ಕೆ ಎಥಿಕ್ಸ್ ಕಮಿಟಿಯ, ಅಂದರೆ ಅದರಲ್ಲಿ ಭಾಗವಹಿಸುವವರಿಗೆ ತೊಂದರೆ ಆಗದಂತೆ ನೋಡಿಕೊಳ್ಳುವ ಸಮಿತಿಯ, ಒಪ್ಪಿಗೆ ಬೇಕಾಗಬಹುದು. ಅದನ್ನು ಮೊದಲೇ ತೆಗೆದುಕೊಳ್ಳಬೇಕು. ಪ್ರಶ್ನಾವಳಿ ಹಂಚಿ, ಉತ್ತರ ಕೈಗೆ ಬಂದಮೇಲೆ ಕೇಳಿದರೆ ಆಗುವುದಿಲ್ಲ. ಒಪ್ಪಿಗೆ ಬರುವುದಕ್ಕೇ ವಾರಗಟ್ಟಲೆ ಹಿಡಿಯುತ್ತದೆ, ಗೈಡನ್ನು ಮೊದಲ ತಿಂಗಳಲ್ಲೇ ಕೇಳಿಬಿಡು.

ಪ್ರಶ್ನೆ ಚಿಕ್ಕದಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡ. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಡಯೇನ್ ಹಾರ್ಟ್ಲಿ ಅನ್ನುವ ಪದವಿ ವಿದ್ಯಾರ್ಥಿನಿ 1978ರಲ್ಲಿ ಕೊನೇ ವರ್ಷದ ಪ್ರಬಂಧ ಬರೆದಳು. ಪ್ರೊಫೆಸರ್ ಡೇವಿಡ್ ಬಿಲ್ಲಿಂಗ್ಟನ್ ಅವಳ ಗೈಡ್. ನ್ಯೂಯಾರ್ಕಿನಲ್ಲಿ ಆಗತಾನೇ ಎದ್ದಿದ್ದ 59 ಮಹಡಿಯ ಸಿಟಿಕಾರ್ಪ್ ಕಟ್ಟಡವನ್ನೂ ಅವಳು ನೋಡಿದಳು. ಅದರ ಕಂಬಗಳು ನಾಲ್ಕು ಮೂಲೆಗಳಲ್ಲಿಲ್ಲ, ಪ್ರತಿ ಬದಿಯ ನಡುವಿನಲ್ಲಿವೆ. ಗಾಳಿ ನೇರವಾಗಿ ಬೀಸದೆ ಮೂಲೆಯ ಕಡೆಯಿಂದ ಓರೆಯಾಗಿ ಬೀಸಿದರೆ? ಲೆಕ್ಕ ಹಾಕಿದಳು, ಒತ್ತಡ ಜಾಸ್ತಿ ಬಂತು. ವಿನ್ಯಾಸ ಮಾಡಿದವರನ್ನೇ ಕೇಳಿದಳು. ಕಟ್ಟಡ ಗಟ್ಟಿಯಾಗಿದೆ ಅಂದರು. ಅದೇ ವರ್ಷ ಮುಖ್ಯ ಇಂಜಿನಿಯರ್ ಲೆಕ್ಕವನ್ನು ಮತ್ತೆ ನೋಡಿದಾಗ, ಬೋಲ್ಟ್ ಹಾಕಿದ್ದ ಕೀಲುಗಳು ಅಂಥ ಗಾಳಿಗೆ ಸಾಲವು ಅಂತ ತಿಳಿಯಿತು. ರಾತ್ರಿ ಹೊತ್ತು ಉಕ್ಕಿನ ತಗಡು ಬೆಸೆದು ಭದ್ರಪಡಿಸಿದರು. ಈ ಸಂಗತಿ ಹೊರಗೆ ಬಂದದ್ದು 1995ರಲ್ಲಿ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅನ್ನುವಷ್ಟು ಚಿಕ್ಕ ಪ್ರಶ್ನೆ ನೋಡು ಅದು.

ಈಗ ನಾನು ಹೇಳಲೇಬೇಕಾದ ಮಾತು. ನಾನು ಓದುವಾಗ ನನ್ನ ಪ್ರಾಜೆಕ್ಟಿನಲ್ಲಿ ರೀಡಿಂಗುಗಳು ಒಂದಕ್ಕೊಂದು ತಾಳೆ ಆಗುತ್ತಿರಲಿಲ್ಲ. ಸರಿಯಾದಮೇಲೆ ಗೈಡಿಗೆ ತೋರಿಸೋಣ ಅಂತ ಎರಡು ತಿಂಗಳು ಅವರ ಕಣ್ಣಿಗೇ ಬೀಳಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಬೇರೆ ದಾರಿ ಹಿಡಿಯುತ್ತಿದ್ದೆ. ಕೊನೆಗೆ ನೋಟ್‌ಬುಕ್ ಕೊಟ್ಟಾಗ ಅವರು ಹತ್ತೇ ನಿಮಿಷದಲ್ಲಿ ಹೇಳಿದರು, ಉಪಕರಣವನ್ನು ಕ್ಯಾಲಿಬ್ರೇಟ್ ಮಾಡಿಲ್ಲ, ಅಂದರೆ ಅದು ಸರಿಯಾಗಿ ಅಳೆಯುವಂತೆ ಹೊಂದಿಸಿಕೊಂಡಿಲ್ಲ ಅಂತ. ಮೊದಲ ವಾರವೇ ಹೋಗಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು. ಒಂದು ಅಧ್ಯಾಯವನ್ನೇ ಬಿಟ್ಟು ಸಲ್ಲಿಸಬೇಕಾಯಿತು. ಆ ನೋವು ಇವತ್ತಿಗೂ ಇದೆ.

ನಾನೇ ಗೈಡ್ ಆದಮೇಲೆ ಪ್ರತಿ ವರ್ಷವೂ ಇದನ್ನೇ ಕಂಡೆ. ಚೆನ್ನಾಗಿ ಓದುವ ಮಕ್ಕಳೇ ಸಿಕ್ಕಿಹಾಕಿಕೊಂಡಾಗ ಮಾಯವಾಗುತ್ತಾರೆ. ಏನು ಅಂದುಕೊಳ್ಳುತ್ತಾರೋ ಅನ್ನುವ ನಾಚಿಕೆ. ನಿಜ ಹೇಳಲಾ? ಮುಗಿದ ಕೆಲಸ ತಂದವರಿಗೆ ನಾನು ಮಾಡಬಹುದಾದದ್ದು ತೀರಾ ಕಡಿಮೆ. ಕಾಮಾ, ಫುಲ್‌ಸ್ಟಾಪ್ ತಿದ್ದಬಹುದು, ಅಷ್ಟೇ. ಕೆಟ್ಟು ನಿಂತ ಕೆಲಸ ತಂದವರ ಜೊತೆಗೇ ನಾನು ನಿಜವಾಗಿ ಕೂತು ಯೋಚಿಸಿದ್ದು.

ಆದ್ದರಿಂದ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಒಂದು ಹೊತ್ತು ಗೊತ್ತುಮಾಡಿಕೊಂಡು ತಪ್ಪದೆ ಹೋಗು. ಒಂದು ಹಾಳೆ ಕೈಯಲ್ಲಿರಲಿ: ಏನು ಮಾಡಿದೆ, ಎಲ್ಲಿ ನಿಂತಿದೆ, ಅವರಿಂದ ಯಾವ ತೀರ್ಮಾನ ಬೇಕು. ಏನೂ ಮಾಡಿಲ್ಲವಾ? ಹಾಗಂತಲೇ ಬರೆದುಕೊಂಡು ಹೋಗು. ಬಂದಮೇಲೆ ಅಲ್ಲಿ ಒಪ್ಪಿಕೊಂಡದ್ದನ್ನು ನಾಲ್ಕು ಸಾಲಿನ ಮೇಲ್ ಮಾಡಿ ಕಳಿಸು. ಅವರಿಗೂ ನೆನಪಿರುತ್ತದೆ, ನಿನಗೂ.

ಇನ್ನುಳಿದದ್ದು ಚಿಕ್ಕಚಿಕ್ಕದು. ಕೆಲಸ ಹೇಗೆ ಮಾಡಿದೆ ಅನ್ನುವ ಅಧ್ಯಾಯವನ್ನು ಮಾಡುತ್ತಿರುವಾಗಲೇ ಬರೆ, ಆರು ತಿಂಗಳಾದಮೇಲೆ ಏನೂ ನೆನಪಾಗುವುದಿಲ್ಲ. ಫೈಲುಗಳ ಪ್ರತಿ ಇನ್ನೊಂದು ಕಡೆ ಇರಲಿ. ತಂಡದಲ್ಲಿ ಯಾರ ಕೆಲಸ ಯಾವುದು ಅಂತ ಮೊದಲ ವಾರವೇ ಬರೆದಿಡಿ.

ಮತ್ತೆ ಒಂದು, ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಫೋನ್ ಬಿಟ್ಟರೂ ನಿದ್ದೆ ಬದಲಾಗಲಿಲ್ಲ ಅಂತ ಬಂದರೆ, ಹಾಗೇ ಬರೆ. ಒಂದು ಅಂಕಿಯನ್ನೂ ಮುಟ್ಟಬೇಡ. ವೈವಾದಲ್ಲಿ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಯಾಕೆ ಹೀಗಾಯಿತು ಅಂತ ಕೇಳುತ್ತಾರೆ. ನೀನೇ ಮಾಡಿದ ಕೆಲಸ ಅಲ್ವಾ, ಹೇಳುವುದಕ್ಕೆ ನಿನ್ನ ಹತ್ತಿರ ಬೇಕಾದಷ್ಟು ಇರುತ್ತದೆ.

ಭಾನುವಾರದೊಳಗೆ ಆ ಮೂರು ಪ್ರಶ್ನೆ ನನಗೂ ಕಳಿಸು. ಅರ್ಧಂಬರ್ಧ ಇದ್ದರೂ ಸರಿ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ